ನೀರಿನ ವರದಿ ‘ಕ್ಲೀನ್’ ಬಂದರೆ ನದಿಯೂ ಕ್ಲೀನೇ? ಅಳಿವೆಯ ಹೂಳಿನಲ್ಲಿ ಲೋಹಗಳು ಓಡಾಡುವ ಬಗೆ

ನದಿಗಳ ಬಗ್ಗೆ ವಾಟ್ಸ್‌ಆ್ಯಪ್‌ನಲ್ಲಿ ಎರಡು ಬಗೆಯ ಸಂದೇಶಗಳು ಆಗಾಗ ಬರುತ್ತವೆ. ಒಂದರಲ್ಲಿ ಲ್ಯಾಬ್ ವರದಿಯ ಫೋಟೋ ಇರುತ್ತದೆ: “ನೀರಿನಲ್ಲಿ ಸೀಸ ಇಲ್ಲ, ಕ್ಯಾಡ್ಮಿಯಂ ಇಲ್ಲ, ನದಿ ಶುದ್ಧವಾಗಿದೆ, ಹೆದರಬೇಡಿ.” ಇನ್ನೊಂದರಲ್ಲಿ ಕಪ್ಪು ಕೆಸರಿನ ಫೋಟೋ: “ನೋಡಿ ಎಂಥ ವಿಷ! ಈ ಹೊಳೆಯ ಮೀನು, ಚಿಪ್ಪು ಮುಟ್ಟಬೇಡಿ, ಎಲ್ಲರಿಗೂ ಕಳಿಸಿ.”

ಮೊದಲನೆಯದು ಧೈರ್ಯ ತುಂಬುತ್ತದೆ, ಎರಡನೆಯದು ಹೆದರಿಸುತ್ತದೆ. ಎರಡೂ ಒಂದೇ ವಿಷಯವನ್ನು ಬಿಟ್ಟುಬಿಡುತ್ತವೆ: ನದಿಯ ತಳದ ಹೂಳಿನಲ್ಲಿ ಲೋಹ ಹೇಗೆ ಕೂರುತ್ತದೆ, ಯಾವಾಗ ಎದ್ದು ಬರುತ್ತದೆ ಎಂಬುದನ್ನು. ಅದನ್ನು ನಾವಿಲ್ಲಿ ಒಂದೊಂದಾಗಿ ನೋಡೋಣ.

ಓದಲು ಸಮಯ ಇಲ್ಲದವರಿಗೆ, ಚುಟುಕಾಗಿ

• ನದಿಗೆ ಸೇರಿದ ಹೆಚ್ಚಿನ ಲೋಹಗಳ ಬಹುಪಾಲು ನೀರಿನಲ್ಲಿ ಕರಗಿ ಉಳಿಯುವುದಿಲ್ಲ. ಮಣ್ಣಿನ ಕಣಕ್ಕೆ ಅಂಟಿಕೊಂಡು ಹೂಳಾಗಿ ಕೂರುತ್ತದೆ. ನೀರನ್ನು ಮಾತ್ರ ಪರೀಕ್ಷಿಸಿದರೆ ಅರ್ಧ ಕತೆಯೂ ತಿಳಿಯುವುದಿಲ್ಲ.
• ಸಮುದ್ರ ಎಲ್ಲವನ್ನೂ ತೊಳೆದುಕೊಂಡು ಹೋಗುವುದಿಲ್ಲ. ನದಿ ಸಮುದ್ರ ಸೇರುವ ಅಳಿವೆ, ಹೂಳನ್ನು ಹಿಡಿದಿಡುವ ಜಾಗ.
• ಕಪ್ಪು ಕೆಸರು, ಕೊಳೆತ ಮೊಟ್ಟೆಯ ವಾಸನೆ ಇವು ಮಾತ್ರ ವಿಷದ ಗುರುತಲ್ಲ. ಎಷ್ಟೋ ಸಲ ಅಂಥ ಕೆಸರೇ ಲೋಹವನ್ನು ಕಟ್ಟಿಹಾಕಿರುತ್ತದೆ.
• ಪರೀಕ್ಷಿಸದೆ ಹೂಳೆತ್ತಿದರೆ ಕಟ್ಟಿಹಾಕಿದ್ದ ಲೋಹ ಬಿಚ್ಚಿಕೊಳ್ಳಬಹುದು.
• ಮೀನು, ಚಿಪ್ಪು ತಿನ್ನಬಹುದೇ ಎಂಬುದಕ್ಕೆ ಮೀನು, ಚಿಪ್ಪನ್ನೇ ಪರೀಕ್ಷಿಸಬೇಕು. ಫೋಟೋ ನೋಡಿ ಹೇಳಲಾಗದು.

ಯಾವ ಲೋಹಗಳ ಮಾತು ಇದು?

ಸತು, ತಾಮ್ರ, ಸೀಸ, ಕ್ಯಾಡ್ಮಿಯಂ, ಪಾದರಸ ಇಂಥವು ಮಣ್ಣಿನಲ್ಲಿ ಬಹಳ ಕಡಿಮೆ ಪ್ರಮಾಣದಲ್ಲಿ ಇರುತ್ತವೆ. ಸತು, ತಾಮ್ರ ಸ್ವಲ್ಪ ಮಟ್ಟಿಗೆ ನಮ್ಮ ಮೈಗೆ ಬೇಕು. ಸೀಸ, ಕ್ಯಾಡ್ಮಿಯಂ, ಪಾದರಸದಿಂದ ಮೈಗೆ ಯಾವ ಉಪಯೋಗವೂ ಇಲ್ಲ.

ಒಂದು ವಿಷಯ ನೆನಪಿರಲಿ. ಯಾವ ಮಾಲಿನ್ಯವೂ ಇಲ್ಲದ ಮಣ್ಣಿನಲ್ಲೂ ಈ ಲೋಹಗಳು ಇದ್ದೇ ಇರುತ್ತವೆ. ಭೂಮಿಯ ಮೇಲ್ಪದರದ ಬಂಡೆಯಲ್ಲಿ ಸರಾಸರಿ ಒಂದು ಕಿಲೋಗೆ ಸುಮಾರು 17 ಮಿಲಿಗ್ರಾಂ ಸೀಸ, ಸುಮಾರು 0.1 ಮಿಲಿಗ್ರಾಂ ಕ್ಯಾಡ್ಮಿಯಂ ಇದೆ. ಹಾಗಾಗಿ “ಹೂಳಿನಲ್ಲಿ ಸೀಸ ಪತ್ತೆ!” ಎಂಬ ತಲೆಬರಹಕ್ಕೆ ಅದೊಂದೇ ಆದರೆ ಅರ್ಥವಿಲ್ಲ. ಎಷ್ಟು ಪತ್ತೆಯಾಯಿತು, ಅಲ್ಲಿ ಸಹಜವಾಗಿ ಎಷ್ಟಿರಬೇಕಿತ್ತು ಎಂಬ ಎರಡು ಅಂಕಿಗಳು ಜೊತೆಗೆ ಬೇಕು.

ಇನ್ನೊಂದು ವಿಷಯ: ಲೋಹ ಕೊಳೆಯುವುದಿಲ್ಲ. ಎಲೆ, ಸಗಣಿ, ಎಣ್ಣೆ ಇವನ್ನು ಬ್ಯಾಕ್ಟೀರಿಯಾ ನಿಧಾನಕ್ಕೆ ಕರಗಿಸಿ ಮುಗಿಸುತ್ತವೆ. ಸೀಸ ಎಷ್ಟು ವರ್ಷ ಕಳೆದರೂ ಸೀಸವೇ. ಅದು ಜಾಗ ಬದಲಿಸಬಹುದು, ರೂಪ ಬದಲಿಸಬಹುದು, ಇಲ್ಲವಾಗುವುದಿಲ್ಲ. ಆದ್ದರಿಂದ “ಎಲ್ಲಿ ಹೋಯಿತು?” ಎಂಬ ಪ್ರಶ್ನೆಗೆ ಯಾವತ್ತೂ ಒಂದು ಉತ್ತರ ಇದ್ದೇ ಇರುತ್ತದೆ.

ನೀರಿನಲ್ಲಿ ಸಿಗದ ಲೋಹ ಎಲ್ಲಿರುತ್ತದೆ?

ಹೊಳೆಯ ನೀರನ್ನು ಒಂದು ಲೋಟದಲ್ಲಿ ಹಿಡಿದು ಅಲುಗಾಡಿಸದೆ ಇಟ್ಟರೆ ತಳದಲ್ಲಿ ನುಣ್ಣನೆಯ ಕೆಸರು ಕೂರುತ್ತದೆ. ಆ ಕೆಸರಿನ ಕಣಗಳೇ ಲೋಹದ ವಾಹನ. ಜೇಡಿಯ ಕಣದ ಮೈಮೇಲೆ ಋಣ ವಿದ್ಯುದಂಶ ಇರುತ್ತದೆ, ಕರಗಿದ ಲೋಹದ ಅಯಾನುಗಳಲ್ಲಿ ಧನ ವಿದ್ಯುದಂಶ. ಎರಡೂ ಅಂಟಿಕೊಳ್ಳುತ್ತವೆ. ಕಣದ ಮೇಲೆ ಕಬ್ಬಿಣ, ಮ್ಯಾಂಗನೀಸಿನ ತುಕ್ಕಿನ ಲೇಪ ಇದ್ದರೆ, ಕೊಳೆತ ಎಲೆಯ ಅಂಶ ಸೇರಿದ್ದರೆ ಹಿಡಿತ ಇನ್ನೂ ಗಟ್ಟಿ.

ಇದರ ಪರಿಣಾಮ ದೊಡ್ಡದು. ಒಂದು ಕಿಲೋ ಹೂಳಿನಲ್ಲಿರುವ ಸೀಸ, ಅದರ ಮೇಲಿನ ಒಂದು ಲೀಟರ್ ನೀರಿನಲ್ಲಿ ಕರಗಿರುವ ಸೀಸಕ್ಕಿಂತ ಸಾವಿರಾರು ಪಟ್ಟು, ಎಷ್ಟೋ ಕಡೆ ಲಕ್ಷ ಪಟ್ಟು ಹೆಚ್ಚಿರುತ್ತದೆ. ನೀರಿನ ವರದಿ ಸುಳ್ಳು ಎಂದು ನಾವು ಹೇಳುತ್ತಿಲ್ಲ. ಅದು ಆ ದಿನದ, ಆ ಬಾಟಲಿಯ ನೀರಿನ ಬಗ್ಗೆ ಸರಿಯಾಗಿಯೇ ಹೇಳುತ್ತಿರಬಹುದು. ಆದರೆ ನದಿಯ ಬಗ್ಗೆ ತೀರ್ಪು ಕೊಡಲು ಅದು ಸಾಲದು.

ಕಣದ ಗಾತ್ರವೂ ಮುಖ್ಯ. ಕಣ ನುಣುಪಾದಷ್ಟೂ ಅಂಟಿಕೊಳ್ಳಲು ಜಾಗ ಹೆಚ್ಚು. ಹಾಗಾಗಿ ಮರಳಿನಲ್ಲಿ ಲೋಹ ಕಡಿಮೆ, ಜೇಡಿಯಲ್ಲಿ ಹೆಚ್ಚು. ಒಂದು ಊರಿನಲ್ಲಿ ಮರಳು, ಇನ್ನೊಂದು ಊರಿನಲ್ಲಿ ಜೇಡಿ ಅಗೆದು “ಆ ಊರಿನ ಹೂಳಿನಲ್ಲಿ ಮೂರು ಪಟ್ಟು ಸೀಸ” ಎಂದರೆ ಅದು ಮಾಲಿನ್ಯದ ಲೆಕ್ಕವಾಗದೆ ಬರೀ ಮಣ್ಣಿನ ಲೆಕ್ಕವಾಗಬಹುದು. ಇದನ್ನು ಸರಿದೂಗಿಸಲು ವಿಜ್ಞಾನಿಗಳು ಜೇಡಿಯಲ್ಲಿ ಸಹಜವಾಗಿಯೇ ಇರುವ ಅಲ್ಯೂಮಿನಿಯಂ ಅನ್ನು ಅಳತೆಗೋಲು ಮಾಡಿಕೊಂಡು ಹೋಲಿಸುತ್ತಾರೆ.

“ಸಮುದ್ರಕ್ಕೆ ಸೇರಿದ ಮೇಲೆ ಮುಗೀತು” ಎನ್ನುವುದು ನಿಜವೇ?

ಇಲ್ಲ. ನದಿಯ ಸಿಹಿನೀರು ಮತ್ತು ಸಮುದ್ರದ ಉಪ್ಪುನೀರು ಬೆರೆಯುವ ಜಾಗವನ್ನು ಕರಾವಳಿಯಲ್ಲಿ ಅಳಿವೆ ಎನ್ನುತ್ತಾರೆ. ಇಲ್ಲಿ ಎರಡು ಕೆಲಸಗಳು ಒಟ್ಟಿಗೆ ನಡೆಯುತ್ತವೆ.

ಮೊದಲನೆಯದು ಒಡೆಯುವುದು. ಕಾಯಿಸಿದ ಹಾಲಿಗೆ ನಿಂಬೆಹುಳಿ ಹಿಂಡಿದರೆ ಏನಾಗುತ್ತದೆ? ಅದುವರೆಗೆ ಒಂದನ್ನೊಂದು ದೂರ ತಳ್ಳಿಕೊಂಡು ತೇಲುತ್ತಿದ್ದ ಸಣ್ಣ ಕಣಗಳು ಗಂಟುಗಂಟಾಗುತ್ತವೆ. ಅಳಿವೆಯಲ್ಲಿ ಈ ಕೆಲಸವನ್ನು ಉಪ್ಪು ಮಾಡುತ್ತದೆ. ನದಿಯ ಜೇಡಿ ಕಣಗಳು, ಕಣ್ಣಿಗೆ ಕಾಣದಷ್ಟು ಸಣ್ಣ ಕಬ್ಬಿಣದ ಕಣಗಳು ಉಪ್ಪು ತಾಗಿದೊಡನೆ ಒಂದಕ್ಕೊಂದು ಅಂಟಿ, ಭಾರವಾಗಿ ತಳಕ್ಕೆ ಇಳಿಯುತ್ತವೆ. ನದಿಗಳು ಹೊತ್ತು ತರುವ ‘ಕರಗಿದ’ ಕಬ್ಬಿಣದ ಬಹುಪಾಲು ತೆರೆದ ಕಡಲನ್ನು ಮುಟ್ಟುವುದೇ ಇಲ್ಲ, ಅಳಿವೆಯಲ್ಲೇ ಕೂರುತ್ತದೆ. ಕೂರುವಾಗ ಬೇರೆ ಲೋಹಗಳನ್ನೂ ಜೊತೆಗೆ ಎಳೆದುಕೊಳ್ಳುತ್ತದೆ.

ಎರಡನೆಯದು ವಾಪಸ್ ತಳ್ಳುವುದು. ಉಪ್ಪುನೀರು ಭಾರ, ಸಿಹಿನೀರು ಹಗುರ. ಹಾಗಾಗಿ ಅನೇಕ ಅಳಿವೆಗಳಲ್ಲಿ ಮೇಲ್ಗಡೆ ಸಿಹಿನೀರು ಕಡಲಿನತ್ತ ಹೋಗುತ್ತಿದ್ದರೆ, ತಳದಲ್ಲಿ ಉಪ್ಪುನೀರು ನದಿಯ ಒಳಕ್ಕೆ ಬರುತ್ತಿರುತ್ತದೆ. ಕೆಳಗಿಳಿದ ಕಣ ಆ ತಳದ ಹರಿವಿಗೆ ಸಿಕ್ಕಿ ಮತ್ತೆ ಒಳಗೆ ಬರುತ್ತದೆ. ಉಬ್ಬರ ಇಳಿತ ಅದನ್ನು ದಿನವೂ ಎಬ್ಬಿಸಿ ಕೂರಿಸುತ್ತದೆ. ಅಳಿವೆಯ ಒಂದು ಭಾಗದಲ್ಲಿ ನೀರು ಸದಾ ಕದಡಿದಂತೆ ಕಾಣಲು ಇದೂ ಒಂದು ಕಾರಣ.

ಒಂದು ನಿಜವಾದ ಉದಾಹರಣೆ: ಫ್ರಾನ್ಸಿನ ಜಿರೋಂದ್ ಅಳಿವೆ

ಗರೋನ್ ಮತ್ತು ದೋರ್ದೋನ್ಯ್ ನದಿಗಳು ಸೇರಿ ಆಗುವ ಜಿರೋಂದ್, ಸುಮಾರು 75 ಕಿಲೋಮೀಟರ್ ಉದ್ದದ ಅಳಿವೆ. ವಿಜ್ಞಾನಿಗಳು ಇದನ್ನು ದಶಕಗಳಿಂದ ಅಳೆಯುತ್ತಾ ಬಂದಿದ್ದಾರೆ. 1970ರ ದಶಕದ ಕೊನೆಗೆ ಇಲ್ಲಿನ ಸಿಂಪಿಗಳಲ್ಲಿ ಕ್ಯಾಡ್ಮಿಯಂ ಬಹಳ ಹೆಚ್ಚಿರುವುದು ಪತ್ತೆಯಾಯಿತು. ಹುಡುಕುತ್ತಾ ಹೋದರೆ ಮೂಲ ಸಿಕ್ಕಿದ್ದು ಅಳಿವೆಯ ಪಕ್ಕದಲ್ಲಲ್ಲ. 300 ಕಿಲೋಮೀಟರಿಗೂ ಹೆಚ್ಚು ಮೇಲ್ಗಡೆ, ದಕಾಝ್ವಿಲ್ ಎಂಬ ಊರಿನ ಹತ್ತಿರ, 19ನೇ ಶತಮಾನದಿಂದ ಸತುವಿನ ಅದಿರು ಸಂಸ್ಕರಿಸುತ್ತಿದ್ದ ಜಾಗದಲ್ಲಿ. ಸತುವಿನ ಅದಿರಿನ ಜೊತೆ ಕ್ಯಾಡ್ಮಿಯಂ ಬೆರೆತೇ ಇರುತ್ತದೆ. ಆ ಕ್ಯಾಡ್ಮಿಯಂ ಒಂದು ಸಣ್ಣ ಹಳ್ಳಕ್ಕೆ, ಅಲ್ಲಿಂದ ಲೋತ್ ನದಿಗೆ, ಅಲ್ಲಿಂದ ಗರೋನ್‌ಗೆ, ಕೊನೆಗೆ ಅಳಿವೆಗೆ ಬಂದಿತ್ತು.

ದಾರಿಯುದ್ದಕ್ಕೂ ಅದು ಬಂದದ್ದು ಹೆಚ್ಚಾಗಿ ಕೆಸರಿನ ಕಣಗಳಿಗೆ ಅಂಟಿಕೊಂಡು. ಅಳಿವೆಯಲ್ಲಿ ಮಾತ್ರ ಕತೆ ತಿರುವು ಪಡೆಯಿತು. ಉಪ್ಪು ತಾಗಿದಾಗ ಕಬ್ಬಿಣ ತಳಕ್ಕೆ ಇಳಿಯುತ್ತದೆ ಎಂದೆವಲ್ಲ, ಕ್ಯಾಡ್ಮಿಯಂ ಮಾಡುವುದು ಇದಕ್ಕೆ ತದ್ವಿರುದ್ಧ. ಉಪ್ಪಿನಲ್ಲಿರುವ ಕ್ಲೋರೈಡ್ ಅದನ್ನು ಕಣದ ಮೈಯಿಂದ ಬಿಡಿಸಿ ತನ್ನ ಜೊತೆ ಸೇರಿಸಿಕೊಳ್ಳುತ್ತದೆ. ಕಣಕ್ಕೆ ಅಂಟಿದ್ದ ಕ್ಯಾಡ್ಮಿಯಂ ನೀರಿಗೆ ಬರುತ್ತದೆ. ನದಿಯಲ್ಲಿ ‘ಸಿಗದೆ’ ಇದ್ದ ಲೋಹ ಅಳಿವೆಯ ನಡುವೆ ದಿಢೀರನೆ ಕಾಣಿಸಿಕೊಳ್ಳುತ್ತದೆ. ಸಿಂಪಿಗಳು ಇರುವುದೂ ಅಲ್ಲೇ. ಗಂಟೆಗೆ ಲೀಟರ್‌ಗಟ್ಟಲೆ ನೀರು ಸೋಸಿ ಬದುಕುವ ಪ್ರಾಣಿ ಅದು.

1986ರ ಒಂದು ಅವಘಡದ ನಂತರ ಮೂಲದಲ್ಲಿ ಕ್ರಮ ಕೈಗೊಳ್ಳಲಾಯಿತು, ನದಿಗೆ ಬರುವ ಕ್ಯಾಡ್ಮಿಯಂ ಇಳಿಯಿತು. ಹಾಗಿದ್ದರೂ 1996ರಲ್ಲಿ ಜಿರೋಂದ್ ಸಿಂಪಿಗಳನ್ನು ಮಾರುವುದನ್ನು ನಿಷೇಧಿಸಬೇಕಾಯಿತು. ಯುರೋಪಿನ ನಿಯಮದ ಪ್ರಕಾರ ಒಂದು ಕಿಲೋ ಚಿಪ್ಪಿನ ಮಾಂಸದಲ್ಲಿ 1 ಮಿಲಿಗ್ರಾಂಗಿಂತ ಹೆಚ್ಚು ಕ್ಯಾಡ್ಮಿಯಂ ಇರುವಂತಿಲ್ಲ. ಮೂಲ ನಿಂತರೂ ಲೋತ್ ನದಿಯ ಅಣೆಕಟ್ಟುಗಳ ಹಿಂದಿನ ಹೂಳಿನಲ್ಲಿ, ಅಳಿವೆಯ ಕೆಸರಿನಲ್ಲಿ ಹಳೆಯ ಸಾಲ ಉಳಿದೇ ಇತ್ತು. ಪ್ರವಾಹ ಬಂದಾಗ ಅದು ಸ್ವಲ್ಪ ಸ್ವಲ್ಪವೇ ಕೆಳಗಿಳಿಯುತ್ತದೆ. ಕಾರ್ಖಾನೆ ಇದ್ದ ಊರಿನವರಿಗೂ ಸಿಂಪಿ ಹಿಡಿಯುವವರಿಗೂ ಪರಿಚಯವೇ ಇಲ್ಲ. ಆದರೂ ಆ ಊರಿನ ಲೆಕ್ಕವನ್ನು ತೀರಿಸಿದ್ದು ಇವರು.

ಕಪ್ಪು ಕೆಸರು, ಕೊಳೆತ ಮೊಟ್ಟೆಯ ವಾಸನೆ: ಇದೇ ವಿಷವೇ?

ಇಳಿತದ ಸಮಯದಲ್ಲಿ ಅಳಿವೆಯ ಕೆಸರನ್ನು ಅಗೆದರೆ ಮೇಲಿನ ತೆಳು ಪದರ ಕಂದು, ಅದರ ಕೆಳಗೆಲ್ಲ ಕಪ್ಪು. ಕಂದು ಪದರದಲ್ಲಿ ಗಾಳಿಯ ಆಮ್ಲಜನಕ ಇದೆ, ಕಬ್ಬಿಣ ಅಲ್ಲಿ ತುಕ್ಕಿನ ರೂಪದಲ್ಲಿದೆ. ಕೆಳಗೆ ಆಮ್ಲಜನಕ ಮುಗಿದಿರುತ್ತದೆ. ಅಲ್ಲಿನ ಬ್ಯಾಕ್ಟೀರಿಯಾ ಉಸಿರಾಟಕ್ಕೆ ಮೊದಲು ಮ್ಯಾಂಗನೀಸ್ ಮತ್ತು ಕಬ್ಬಿಣದ ತುಕ್ಕನ್ನು ಬಳಸುತ್ತವೆ. ತುಕ್ಕು ಕರಗಿದಾಗ ಅದು ಹಿಡಿದಿಟ್ಟಿದ್ದ ಲೋಹಗಳೂ ಕೆಸರಿನೊಳಗಿನ ನೀರಿಗೆ ಬಿಡುಗಡೆಯಾಗುತ್ತವೆ.

ಇನ್ನೂ ಆಳದಲ್ಲಿ ಬ್ಯಾಕ್ಟೀರಿಯಾ ಸಮುದ್ರದ ನೀರಿನ ಸಲ್ಫೇಟನ್ನು ಸಲ್ಫೈಡ್ ಮಾಡುತ್ತವೆ. ಕೊಳೆತ ಮೊಟ್ಟೆಯ ವಾಸನೆ ಇದರದ್ದು, ಕಪ್ಪು ಬಣ್ಣ ಕಬ್ಬಿಣದ ಸಲ್ಫೈಡಿನದ್ದು. ಯಾವ ಕಾರ್ಖಾನೆಯೂ ಇಲ್ಲದ ಕಾಂಡ್ಲಾ ಕಾಡಿನ ಕೆಸರೂ ಹೀಗೆಯೇ ಇರುತ್ತದೆ. ಸೀಸ, ಕ್ಯಾಡ್ಮಿಯಂ, ತಾಮ್ರ, ಸತು ಇವು ಸಲ್ಫೈಡ್ ಜೊತೆ ಸೇರಿದರೆ ನೀರಿನಲ್ಲಿ ಕರಗದ ರೂಪ ಪಡೆದು ಅಲ್ಲೇ ಬಂಧಿಯಾಗುತ್ತವೆ. ಅಂದರೆ ಮೂಗು ಮುಚ್ಚಿಕೊಳ್ಳುವಂತೆ ಮಾಡುವ ಆ ಕೆಸರೇ ಎಷ್ಟೋ ಕಡೆ ಲೋಹಕ್ಕೆ ಬೀಗ ಹಾಕಿರುತ್ತದೆ.

ಪಾದರಸದ ವಿಷಯ ಬೇರೆ. ಆಮ್ಲಜನಕ ಇಲ್ಲದ ಕೆಸರಿನಲ್ಲಿ ಕೆಲವು ಬ್ಯಾಕ್ಟೀರಿಯಾಗಳು ಅದನ್ನು ಮೀಥೈಲ್ ಪಾದರಸವಾಗಿ ಬದಲಿಸುತ್ತವೆ. ಇದು ಸಣ್ಣ ಜೀವಿಯಿಂದ ಸಣ್ಣ ಮೀನಿಗೆ, ಅಲ್ಲಿಂದ ದೊಡ್ಡ ಮೀನಿಗೆ ಹೋದಂತೆ ಹೆಚ್ಚುತ್ತಾ ಹೋಗುತ್ತದೆ. ಆದ್ದರಿಂದ “ಲೋಹಗಳು” ಎಂದು ಎಲ್ಲವನ್ನೂ ಒಂದೇ ಬುಟ್ಟಿಗೆ ಹಾಕುವ ಸಂದೇಶ ಬಂದರೆ ಯಾವ ಲೋಹ ಎಂದು ಮೊದಲು ಕೇಳಿ.

“ಹೂಳೆತ್ತಿದರೆ ಎಲ್ಲ ಸರಿಹೋಗುತ್ತದೆ” ಎನ್ನುವುದು?

ದೋಣಿ, ಹಡಗು ಓಡಾಡಲು ಹೂಳೆತ್ತಲೇಬೇಕಾದ ಕಡೆಗಳಿವೆ. ಆದರೆ ಹೂಳೆತ್ತುವುದೆಂದರೆ ಬೀಗ ಒಡೆಯುವುದೂ ಹೌದು. ಕಪ್ಪು ಕೆಸರಿಗೆ ಗಾಳಿ ತಾಗಿದಾಗ ಸಲ್ಫೈಡ್ ಒಡೆದು ಲೋಹ ನೀರಿಗೆ ಬರಬಹುದು. ಅದೇ ಹೊತ್ತಿಗೆ ಕಬ್ಬಿಣ ತುಕ್ಕಾಗಿ, ಬಿಡುಗಡೆಯಾದ ಸೀಸದಂಥ ಲೋಹಗಳನ್ನು ಬೇಗ ಹಿಡಿದುಕೊಳ್ಳುತ್ತದೆ. ಕ್ಯಾಡ್ಮಿಯಂ, ಸತು ಮಾತ್ರ ಉಪ್ಪುನೀರಿನಲ್ಲಿ ಅಷ್ಟು ಸುಲಭಕ್ಕೆ ಹಿಡಿತಕ್ಕೆ ಸಿಗುವುದಿಲ್ಲ. ಮೇಲೆತ್ತಿದ ಹೂಳನ್ನು ದಂಡೆಯಲ್ಲಿ ರಾಶಿ ಹಾಕಿದರೆ ಇನ್ನೊಂದು ತೊಂದರೆ. ಒಣಗುವಾಗ ಸಲ್ಫೈಡ್ ಆಮ್ಲವಾಗಿ ಬದಲಾಗಬಹುದು. ಮಳೆ ಬಂದಾಗ ಆ ಹುಳಿನೀರು ಲೋಹವನ್ನು ಕರಗಿಸಿಕೊಂಡು ಗದ್ದೆಗೋ ಬಾವಿಗೋ ಇಳಿಯಬಹುದು.

ಜಪಾನಿನ ಮಿನಮಾತಾ ಅಳಿವೆಯಲ್ಲ, ಕೊಲ್ಲಿ. ಆದರೂ ಈ ವಿಷಯದಲ್ಲಿ ದೊಡ್ಡ ಪಾಠ. ಅಲ್ಲಿ ಪಾದರಸದ ಕಾಯಿಲೆ ಅಧಿಕೃತವಾಗಿ ಗುರುತಾದದ್ದು 1956ರಲ್ಲಿ, ಕಾರ್ಖಾನೆ ಪಾದರಸ ಬಿಡುವುದು ನಿಂತದ್ದು 1968ರಲ್ಲಿ. ತಳದ ಹೂಳನ್ನು ಹೊರತೆಗೆಯುವ ಯೋಜನೆ 1977ರಲ್ಲಿ ಆರಂಭವಾಗಿ ಮುಗಿದದ್ದು 1990ರಲ್ಲಿ. ಒಂದು ಕಿಲೋಗೆ 25 ಮಿಲಿಗ್ರಾಂಗಿಂತ ಹೆಚ್ಚು ಪಾದರಸವಿದ್ದ ಹೂಳನ್ನು ತೆಗೆದು, ಗೋಡೆ ಕಟ್ಟಿದ ಜಾಗದಲ್ಲಿ ತುಂಬಿ ಮುಚ್ಚಿದರು. ಅಲ್ಲಿನ ಮೀನು ಸುರಕ್ಷಿತ ಎಂದು ಘೋಷಣೆಯಾದದ್ದು 1997ರಲ್ಲಿ. ನಲ್ಲಿ ನಿಲ್ಲಿಸಿದಷ್ಟು ಸುಲಭವಾಗಿ ತಳ ಶುದ್ಧವಾಗುವುದಿಲ್ಲ.

ನಮ್ಮ ಕರಾವಳಿಗೆ ಇದು ಹೇಗೆ ಸಂಬಂಧ?

ಪಶ್ಚಿಮ ಘಟ್ಟದಿಂದ ಇಳಿಯುವ ನದಿಗಳಿಗೆ ವರ್ಷದ ನೀರಿನ ಬಹುಪಾಲು ಮುಂಗಾರಿನಲ್ಲೇ ಬರುತ್ತದೆ. ಆಗ ಅಳಿವೆಯ ಮೇಲ್ನೀರು ಹೆಚ್ಚುಕಡಿಮೆ ಸಿಹಿಯಾಗಿ, ಕೆಂಪು ಮಣ್ಣಿನಿಂದ ತುಂಬಿರುತ್ತದೆ. ಬೇಸಿಗೆಯಲ್ಲಿ ಹರಿವು ಇಳಿದು ಉಪ್ಪುನೀರು ನದಿಯೊಳಗೆ ಏರುತ್ತದೆ. ಅಂದರೆ ಮಳೆಗಾಲದಲ್ಲಿ ಸಿಹಿನೀರಿನಲ್ಲಿ ಕೂತ ಹೂಳಿಗೆ ಬೇಸಿಗೆಯಲ್ಲಿ ಉಪ್ಪು ತಾಗುತ್ತದೆ. ಒಂದೇ ಜಾಗದ ಆಗಸ್ಟ್ ತಿಂಗಳ ವರದಿಯನ್ನೂ ಏಪ್ರಿಲ್ ತಿಂಗಳ ವರದಿಯನ್ನೂ ಅಕ್ಕಪಕ್ಕ ಇಟ್ಟು “ಹೆಚ್ಚಾಯಿತು”, “ಕಡಿಮೆಯಾಯಿತು” ಎನ್ನುವುದು ಸರಿಯಲ್ಲ.

ನಮ್ಮಲ್ಲಿ ಜಂಬಿಟ್ಟಿಗೆಯ ಮಣ್ಣು, ಕಬ್ಬಿಣ ಸಹಜವಾಗಿಯೇ ಹೆಚ್ಚು. ತೋಡು, ಗಜನಿ ಗದ್ದೆಗಳ ಅಂಚಿನಲ್ಲಿ ಕಿತ್ತಳೆ ಬಣ್ಣದ ಕೆಸರಿನ ಮೇಲೆ ಕಾಮನಬಿಲ್ಲಿನಂತೆ ಹೊಳೆಯುವ ಪದರ ಕಂಡರೆ “ಯಾರೋ ಎಣ್ಣೆ ಬಿಟ್ಟಿದ್ದಾರೆ” ಎಂದು ವಿಡಿಯೋ ಮಾಡುವ ಮೊದಲು ಒಂದು ಕಡ್ಡಿಯಿಂದ ಕಲಕಿ ನೋಡಿ. ಪದರ ಗಾಜಿನ ಚೂರಿನಂತೆ ಒಡೆದು ಹಾಗೆಯೇ ಉಳಿದರೆ ಅದು ಕಬ್ಬಿಣದ ಬ್ಯಾಕ್ಟೀರಿಯಾದ ಕೆಲಸ ಇರಬಹುದು. ಸುತ್ತಿ ಮತ್ತೆ ಒಂದಾದರೆ ಎಣ್ಣೆ ಇರಬಹುದು.

ಅಘನಾಶಿನಿಯ ಉದಾಹರಣೆಯನ್ನೇ ನೋಡಿ. ಶಿರಸಿಯ ಕಡೆಯಿಂದ ಹರಿದು ಕುಮಟಾ ತಾಲ್ಲೂಕಿನಲ್ಲಿ ಕಡಲು ಸೇರುವ ಈ ನದಿಗೆ ದೊಡ್ಡ ಅಣೆಕಟ್ಟು ಇಲ್ಲ. ಇಳಿತದ ಹೊತ್ತಿಗೆ ಕೆಸರಿಗಿಳಿದು ಚಿಪ್ಪು ಹೆಕ್ಕುವುದು ಇಲ್ಲಿನ ಎಷ್ಟೋ ಮನೆಗಳ ಜೀವನ. 2024ರಲ್ಲಿ ಇದು ರಾಮ್ಸರ್ ಜೌಗು ಪ್ರದೇಶಗಳ ಪಟ್ಟಿಗೆ ಸೇರಿತು. ನಾವು ಈ ಹೆಸರು ತೆಗೆದದ್ದು ಅಲ್ಲಿ ವಿಷ ಇದೆ ಎನ್ನಲು ಅಲ್ಲ. ಇಂಥ ಅಳಿವೆಯ ಕಪ್ಪು ಕೆಸರಿನ ಒಂದು ಫೋಟೋ, ಅಂಕಿಯೇ ಇಲ್ಲದ ಒಂದು ಸಾಲು ಸಾಕು, ಮಾರುಕಟ್ಟೆಯಲ್ಲಿ ಚಿಪ್ಪು ಕೊಳ್ಳುವವರು ಹಿಂದೆ ಸರಿಯಲು. ನಷ್ಟ ಆಗುವುದು ದಿನದ ಬುಟ್ಟಿ ತುಂಬಿದರೆ ಮಾತ್ರ ದಿನದ ಖರ್ಚು ನಡೆಯುವ ಮನೆಗೆ. ಹಾಗೆಯೇ ನಿಜವಾಗಿ ಲೋಹ ಸೇರುತ್ತಿರುವ ಇನ್ನೊಂದು ನದಿಗೆ “ನೀರಿನಲ್ಲಿ ಏನೂ ಇಲ್ಲ” ಎಂಬ ವರದಿ ಹಂಚಿದರೂ ನಷ್ಟ ಅಂಥದೇ ಮನೆಗೆ. ಕೆಸರಿಗೆ ಇಳಿಯುವವರೂ ಅಲ್ಲಿನ ಚಿಪ್ಪನ್ನು ಹೆಚ್ಚು ತಿನ್ನುವವರೂ ಅವರೇ.

ಹಾಗಾದರೆ ತಿನ್ನಬಹುದೇ?

ಮೂರು ಮಾತು. ಒಂದು, ಕಪ್ಪೆಚಿಪ್ಪು, ಸಿಂಪಿಯಂಥ ಸೋಸಿ ತಿನ್ನುವ ಜೀವಿಗಳು ಕ್ಯಾಡ್ಮಿಯಂ ಕೂಡಿಟ್ಟುಕೊಳ್ಳುತ್ತವೆ. ಮೀನಿನ ಮಾಂಸದಲ್ಲಿ ಅದು ಸಾಮಾನ್ಯವಾಗಿ ಕಡಿಮೆ. ಪಾದರಸದಲ್ಲಿ ಲೆಕ್ಕ ತಿರುಗುಮುರುಗು, ಬೇರೆ ಮೀನುಗಳನ್ನು ತಿನ್ನುವ ದೊಡ್ಡ ಮೀನಿನಲ್ಲಿ ಹೆಚ್ಚು. ಎರಡು, ಕುದಿಸುವುದರಿಂದ ರೋಗಾಣು ಸಾಯುತ್ತದೆ, ಲೋಹ ನಾಶವಾಗುವುದಿಲ್ಲ. ಹುಣಸೆಹುಳಿ, ಅರಿಸಿನ, ಉಪ್ಪುನೀರಿನಲ್ಲಿ ನೆನೆಸುವುದು ಯಾವುದೂ ಇದಕ್ಕೆ ಮದ್ದಲ್ಲ. ಮೂರು, ಅಪಾಯ ಒಂದು ಊಟದ್ದಲ್ಲ. ಕ್ಯಾಡ್ಮಿಯಂ ಮೂತ್ರಪಿಂಡದಲ್ಲಿ ಹತ್ತಾರು ವರ್ಷ ಉಳಿಯುತ್ತದೆ, ಆದ್ದರಿಂದ ಮಾಲಿನ್ಯ ಇರುವ ಜಾಗದ್ದನ್ನು ವರ್ಷಾನುಗಟ್ಟಲೆ ತಿನ್ನುವುದು ಮುಖ್ಯ ಚಿಂತೆ. ಎಲ್ಲೋ ಒಮ್ಮೆ ತಿಂದದ್ದಕ್ಕೆ ಗಾಬರಿ ಬೇಡ. ಮೀನು ಮತ್ತು ಚಿಪ್ಪಿನಲ್ಲಿ ಈ ಲೋಹಗಳು ಎಷ್ಟಿರಬಹುದು ಎಂಬುದಕ್ಕೆ ಭಾರತದ ಆಹಾರ ಸುರಕ್ಷತಾ ಪ್ರಾಧಿಕಾರ, ಅಂದರೆ ಎಫ್‌ಎಸ್‌ಎಸ್‌ಎಐ, ಮಿತಿಗಳನ್ನು ಇಟ್ಟಿದೆ. ತೀರ್ಮಾನಕ್ಕೆ ಆ ಮಿತಿಯ ಜೊತೆಗಿನ ಹೋಲಿಕೆ ಬೇಕು.

ಫಾರ್ವರ್ಡ್ ಮಾಡುವ ಮುನ್ನ ಐದು ಪ್ರಶ್ನೆ

1. ಪರೀಕ್ಷಿಸಿದ್ದು ಏನನ್ನು? ನೀರೋ, ಹೂಳೋ, ಮೀನೋ, ಚಿಪ್ಪೋ? ಒಂದರ ಫಲಿತಾಂಶವನ್ನು ಇನ್ನೊಂದಕ್ಕೆ ಹೊಂದಿಸಬೇಡಿ.
2. ಯಾವ ಲೋಹ, ಎಷ್ಟು, ಯಾವ ಅಳತೆಯಲ್ಲಿ? ಕುಡಿಯುವ ನೀರಿಗೆ ನಮ್ಮಲ್ಲಿ ಸೀಸದ ಮಿತಿ ಲೀಟರಿಗೆ 0.01 ಮಿಲಿಗ್ರಾಂ. ಅದನ್ನು ಹೂಳಿನ ಕಿಲೋ ಲೆಕ್ಕದ ಜೊತೆ ಹೋಲಿಸಿ “ಸಾವಿರ ಪಟ್ಟು ವಿಷ” ಎಂದರೆ ಅದು ತಪ್ಪು ಲೆಕ್ಕ. ಯಾರೂ ಹೂಳು ಕುಡಿಯುವುದಿಲ್ಲ.
3. ಯಾವ ತಿಂಗಳು, ಎಲ್ಲಿ, ಮರಳೋ ಜೇಡಿಯೋ?
4. ಅಲ್ಲಿ ಸಹಜವಾಗಿ ಇರಬೇಕಾದದ್ದು ಎಷ್ಟು? ಹೂಳಿನ ಆಳದ ಹಳೆಯ ಪದರಗಳಲ್ಲಿ ಅದಕ್ಕೆ ಉತ್ತರ ಸಿಗುತ್ತದೆ. ಹೂಳು ವರ್ಷದಿಂದ ವರ್ಷಕ್ಕೆ ಪದರವಾಗಿ ಕೂರುವುದರಿಂದ ಅದು ನದಿಯ ಡೈರಿ ಇದ್ದ ಹಾಗೆ.
5. ಹೂಳೆತ್ತುವ ಯೋಜನೆ ಇದ್ದರೆ, ಹೂಳನ್ನು ಮೊದಲು ಪರೀಕ್ಷಿಸಿದ್ದಾರೆಯೇ, ಎತ್ತಿದ್ದನ್ನು ಎಲ್ಲಿ ಹಾಕುತ್ತಾರೆ?

ನಮ್ಮ ತೀರ್ಮಾನ

“ನೀರಿನಲ್ಲಿ ಲೋಹ ಇಲ್ಲ, ಆದ್ದರಿಂದ ನದಿ ಶುದ್ಧ” ಎನ್ನುವುದು ದಾರಿತಪ್ಪಿಸುವ ಮಾತು. “ಕೆಸರು ಕಪ್ಪಗಿದೆ, ಆದ್ದರಿಂದ ವಿಷ” ಎನ್ನುವುದಕ್ಕೂ ಆಧಾರ ಸಾಲದು. ನಿಮ್ಮೂರಿನ ಅಳಿವೆಯ ಬಗ್ಗೆ ಇಂಥ ಸಂದೇಶ ಬಂದರೆ ಈ ಐದು ಪ್ರಶ್ನೆಗಳನ್ನು ಗ್ರೂಪಿನಲ್ಲೇ ಕೇಳಿ. ಉತ್ತರ ಬಂದರೆ ಹಂಚಿ. ಬರದಿದ್ದರೆ ಅದು ಅಲ್ಲಿಗೇ ನಿಲ್ಲಲಿ.